ಟಾಸ್‌ಗೂ ಮುಂಚಿನ ಹತ್ತು ನಿಮಿಷ

ತಾಲ್ಲೂಕು ಮಟ್ಟದ ಶಾಲಾ ಕಬಡ್ಡಿ ನೋಡಲು ಹೋಗಿದ್ದೆ. ಹಿಂದಿನ ರಾತ್ರಿಯ ಮಳೆಗೆ ಅಂಕಣದ ಒಂದು ಮೂಲೆಯಲ್ಲಿ ಮಣ್ಣು ಕೊಚ್ಚಿಹೋಗಿ ಜಲ್ಲಿಕಲ್ಲು ಮೇಲೆದ್ದಿತ್ತು. ಅದರ ಮೇಲೆಯೇ ಸುಣ್ಣದ ಗೆರೆ ಎಳೆದಿದ್ದರು. ಉಗುರು ಕತ್ತರಿಸಿರಬೇಕು, ಮೈಮೇಲೆ ಒಡವೆ ಇರಬಾರದು ಎನ್ನುತ್ತದೆ ನಿಯಮ, ಯಾರೂ ನೋಡಲಿಲ್ಲ. ನಾಲ್ಕನೇ ದಾಳಿಗೇ ಎಂಟನೇ ತರಗತಿಯ ಹುಡುಗನೊಬ್ಬನ ಮೊಣಕೈ ಸುಲಿದು ರಕ್ತ ಬಂತು. ಯಾರೋ ಕರವಸ್ತ್ರ ಸುತ್ತಿದರು, ಆಟ ಮುಂದುವರಿಯಿತು. ಆ ದಿನ ಜಗಳವಾದದ್ದು ಮಾತ್ರ ಒಂದು ಬೋನಸ್ ಅಂಕಕ್ಕೆ.

ರೆಫರಿಗಳನ್ನು ನಾವು ಅಳೆಯುವುದೇ ಹೀಗೆ. ಅಂಕ ಸರಿಯಾಗಿ ಕೊಟ್ಟರೆ ಒಳ್ಳೆಯವರು, ತಪ್ಪಿದರೆ ಪಕ್ಷಪಾತಿ. ಮಕ್ಕಳ ಪಂದ್ಯಕ್ಕೆ ಈ ಅಳತೆಗೋಲು ಸಲ್ಲದು. ಅಲ್ಲಿ ರೆಫರಿಯ ಮೊದಲ ಕೆಲಸ ಮಕ್ಕಳ ಮೈ ಕಾಯುವುದು.

ಇಂಗ್ಲೆಂಡಿನ ಸ್ಮೋಲ್ಡನ್ ಪ್ರಕರಣ ಇದನ್ನೇ ಹೇಳಿತು. 1991ರಲ್ಲಿ 19 ವರ್ಷದೊಳಗಿನವರ ರಗ್ಬಿ ಪಂದ್ಯ. ಎರಡೂ ತಂಡದವರು ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ನೂಕುವ ‘ಸ್ಕ್ರಮ್’ ಕುಸಿದು, 17ರ ಹುಡುಗನ ಕತ್ತು ಮುರಿದು ದೇಹ ಸ್ವಾಧೀನ ತಪ್ಪಿತು. ಆ ಪಂದ್ಯದಲ್ಲಿ ಸ್ಕ್ರಮ್ ಇಪ್ಪತ್ತಕ್ಕೂ ಹೆಚ್ಚು ಸಲ ಕುಸಿದಿತ್ತು. ಎಳೆಯರಿಗೆಂದೇ ಇದ್ದ, ಹಂತಹಂತವಾಗಿ ಕೂಡಿಕೊಳ್ಳುವ ನಿಯಮವನ್ನು ರೆಫರಿ ಪಾಲಿಸಿರಲಿಲ್ಲ. 1996ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರನ್ನೇ ಹೊಣೆ ಮಾಡಿತು. ಓಡುವ ಆಟದ ನಡುವೆ ಕ್ಷಣಮಾತ್ರದಲ್ಲಿ ಆಗುವ ತಪ್ಪಿಗೆ ರೆಫರಿಯನ್ನು ಸುಲಭಕ್ಕೆ ಹೊಣೆ ಮಾಡಲಾಗದು ಎಂಬುದನ್ನೂ ಅದು ಒಪ್ಪಿತು. ಈ ತೀರ್ಪಿನ ನ್ಯಾಯ ಇರುವುದು ಇಲ್ಲೇ. ಕಣ್ಣು ತಪ್ಪುವುದು ಬೇರೆ, ಕಣ್ಣೆದುರಿಗಿದ್ದದ್ದನ್ನು ಬಿಟ್ಟುಬಿಡುವುದು ಬೇರೆ.

ನಮ್ಮ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ, ಒಪ್ಪಿ ಆಡಿದ ಆಟದಲ್ಲಿ ಮೋಸವಿಲ್ಲದೆ ಆದ ಪೆಟ್ಟು ಅಪರಾಧವಲ್ಲ ಎನ್ನುತ್ತದೆ. ಆದರೆ ಅಲ್ಲಿ ಹೇಳಿರುವ ಒಪ್ಪಿಗೆ 18 ದಾಟಿದವರದ್ದು. ಎಂಟನೇ ತರಗತಿಯ ಹುಡುಗ ‘ನಾನು ಆಡ್ತೀನಿ ಸಾರ್’ ಅಂದಮಾತ್ರಕ್ಕೆ ದೊಡ್ಡವರ ಹೊಣೆ ಕಳಚುವುದಿಲ್ಲ.

ಎಲ್ಲವನ್ನೂ ದೈಹಿಕ ಶಿಕ್ಷಕರ ತಲೆಗೆ ಕಟ್ಟುವುದೂ ಅನ್ಯಾಯ. ಬೆಳಿಗ್ಗೆ ಗೆರೆ ಹಾಕಿಸುವವರು ಅವರೇ, ಊಟದ ಸಾಲು ನೋಡುವವರು ಅವರೇ, ತಮ್ಮ ಶಾಲೆಯ ತಂಡವನ್ನು ಕರೆತಂದವರೂ ಅವರೇ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊಡದೆ, ಅಂಕಣ ಸರಿಯಿಲ್ಲ ಎಂದಾಗ ಬೆನ್ನಿಗೆ ನಿಲ್ಲದೆ ಹೊಣೆ ಮಾತ್ರ ಹೊರಿಸುವ ಸಂಘಟಕರನ್ನು ಮೊದಲು ಕೇಳಬೇಕು. ಪಂದ್ಯ ಶುರುಮಾಡುವುದಿಲ್ಲ ಎನ್ನುವ ಧೈರ್ಯಕ್ಕೆ ಬೆಲೆ ಕೊಡದವರು ವೃತ್ತಿಪರತೆಯ ಮಾತಾಡಬಾರದು.

ಅಂಥ ಧೈರ್ಯವನ್ನು ಅದೇ ಕೂಟದಲ್ಲಿ ಕಂಡೆ. ಮಧ್ಯಾಹ್ನ ಬಾಲಕಿಯರ ಪಂದ್ಯಕ್ಕೆ ಬಂದ ರೆಫರಿ ಮೇಡಂ ಅಂಕಣ ಸುತ್ತಿ ಬಂದು ಸೀಟಿಯನ್ನು ಜೇಬಿಗಿಟ್ಟರು. ಮೈಕಿನಲ್ಲಿ ತಂಡಗಳನ್ನು ಕರೆಯುತ್ತಲೇ ಇದ್ದರು. ಮೇಡಂ ತಿರುಗಿ ನೋಡಲಿಲ್ಲ. ಬಕೆಟ್ ತರಿಸಿ, ಕುಕ್ಕರಗಾಲಿನಲ್ಲಿ ಕೂತು ಜಲ್ಲಿ ಆರಿಸತೊಡಗಿದರು. ಸ್ವಲ್ಪ ಹೊತ್ತಿಗೆ ಎರಡೂ ತಂಡದ ಹುಡುಗಿಯರು ಬಂದು ಪಕ್ಕದಲ್ಲಿ ಕೂತರು.