ಶಿವನ ಅಪ್ಪಣೆ, ಭಾವಮೈದುನನ ಪಟ್ಟ

ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋದವರು ಅಲ್ಲಿನ ಗುಡಿಯ ಹೊರಗೋಡೆಯ ಶಿಲಾಬಾಲಿಕೆಯನ್ನು ನೋಡದೆ ಬರುವುದಿಲ್ಲ. ಬಳುಕಿ ನಿಂತ ಆ ಹುಡುಗಿ ಬರೆಯುತ್ತಿರುವುದು ಪ್ರೇಮಪತ್ರವಲ್ಲ. ಚಾಲುಕ್ಯ ವಿಕ್ರಮಾದಿತ್ಯ ಏಳು ದ್ವೀಪಗಳ ಭೂಮಿಯನ್ನೇ ತನ್ನದಾಗಿಸಿಕೊಳ್ಳುತ್ತಾನೆ ಎಂಬರ್ಥದ ಸಂಸ್ಕೃತ ಶ್ಲೋಕ. ಕಲ್ಲಿನಲ್ಲಿ ಮುಚ್ಚುಮರೆಯಿಲ್ಲ. ಅದೇ ದೊರೆಯ ಮೇಲೆ, ಕಲ್ಯಾಣದ ಆಸ್ಥಾನದಲ್ಲಿ ಕೂತು ಕಾಶ್ಮೀರದ ಬಿಲ್ಹಣ ಬರೆದ 18 ಸರ್ಗಗಳ ‘ವಿಕ್ರಮಾಂಕದೇವಚರಿತ’ ಮಾತ್ರ ರಾಜ್ಯದಾಸೆಯ ಸುಳಿವನ್ನೇ ಕೊಡುವುದಿಲ್ಲ. ಅಲ್ಲಿ ವಿಕ್ರಮ ಯಾವುದನ್ನೂ ಬಯಸಿದವನಲ್ಲ, ಎಲ್ಲವೂ ತಾನಾಗಿ ಬಂದು ಅವನ ಹೆಗಲೇರುತ್ತದೆ.

ತಂದೆ ಯುವರಾಜ ಪಟ್ಟ ಕೊಡಹೋದರೆ, ಅಣ್ಣನಿರುವಾಗ ಸಲ್ಲದು ಎನ್ನುತ್ತಾನೆ. ಚೋಳ ದೊರೆಯೇ ಮಗಳನ್ನು ಕೊಟ್ಟು ನೆಂಟಸ್ತನ ಬೆಳೆಸುತ್ತಾನೆ. (ಆ ದೊರೆ ವೀರರಾಜೇಂದ್ರ ಚೋಳನ ಶಾಸನಗಳ ಕತೆಯೇ ಬೇರೆ: ವಿಕ್ರಮ ತನ್ನ ಆಶ್ರಯಕ್ಕೆ ಬಂದ, ಏಳೂವರೆ ಲಕ್ಷದ ರಟ್ಟಪಾಡಿಯನ್ನು, ಅಂದರೆ ಚಾಲುಕ್ಯ ನಾಡನ್ನು, ತಾನೇ ಅವನಿಗೆ ಕೊಟ್ಟೆ ಎನ್ನುತ್ತಾನೆ ಅವನು.) ಮಾವ ತೀರಿಕೊಂಡು ಚೋಳನಾಡಿನಲ್ಲಿ ದಂಗೆಯೆದ್ದಾಗ ಕಂಚಿಗೆ ದಂಡು ಹೋಗುವುದೂ ಭಾವಮೈದುನನನ್ನು ಕಾಯಲಿಕ್ಕೆ. ದುಷ್ಟರನ್ನು ಅಡಗಿಸಿ, ಅವನನ್ನು ಪಟ್ಟಕ್ಕೆ ಕೂರಿಸಿ ವಿಕ್ರಮ ತುಂಗಭದ್ರೆಗೆ ಮರಳುತ್ತಾನೆ. ಸ್ವಲ್ಪ ದಿನಗಳಲ್ಲೇ ಸುದ್ದಿ ಬರುತ್ತದೆ: ಭಾವಮೈದುನ ಸತ್ತ, ವೆಂಗಿಯ ರಾಜಿಗ ಸಿಂಹಾಸನವೇರಿದ. ಇದು 1070ರ ಮಾತು. ಆ ರಾಜಿಗನೇ ಒಂದನೇ ಕುಲೋತ್ತುಂಗ.

ಕಾವ್ಯದ ಕಥಾಭಾಗದಲ್ಲಿ ನನಗೆ ಹಿಡಿಸುವುದು ಇದೇ. ಹೊರಗಿನವರ ದಂಡು ಕೂರಿಸಿದ ಅರಸು ದಂಡು ಹಿಂದಿರುಗಿದ ಮೇಲೆ ಉಳಿಯಲಿಲ್ಲ ಎಂಬುದನ್ನು, ಹೊಗಳುವುದೇ ಕಸುಬಾದರೂ, ಬಿಲ್ಹಣ ಮರೆಸಿಲ್ಲ. ಏಕೆ ಉಳಿಯಲಿಲ್ಲ ಎಂಬುದರ ಆಳಕ್ಕೆ ಮಾತ್ರ ಇಳಿಯುವುದಿಲ್ಲ. ಹೊರಗಿನ ದಂಡಿನ ಈ ಪಾಡು ನಮ್ಮ ಕಾಲದಲ್ಲೂ ಕಂಡದ್ದೇ: 1987ರಲ್ಲಿ ಶ್ರೀಲಂಕಾಕ್ಕೆ ಹೋದ ಭಾರತದ ಶಾಂತಿಪಾಲನಾ ಪಡೆಯೂ ಒಪ್ಪಂದ ಮಾಡಿಕೊಂಡೇ ಹೋಗಿತ್ತು. 1990ರಲ್ಲಿ ವಾಪಸಾಗುವ ಹೊತ್ತಿಗೆ ಅಲ್ಲಿ ಹೆಚ್ಚಿನವರಿಗೆ ಬೇಡವಾಗಿತ್ತು.

1076ರಲ್ಲಿ ಅಣ್ಣ ಎರಡನೇ ಸೋಮೇಶ್ವರನನ್ನು ಸೆರೆಹಿಡಿದು ಪಟ್ಟವೇರಿದ್ದನ್ನು ಸಮರ್ಥಿಸುವಲ್ಲಿ ಕವಿ ಪೂರ್ತಿ ಸೋಲುತ್ತಾನೆ. ಯುದ್ಧಕ್ಕೆ ಒಲ್ಲೆನೆಂದ ವಿಕ್ರಮನಿಗೆ ಶಿವ ಕಾಣಿಸಿಕೊಂಡು ಅಪ್ಪಣೆ ಕೊಡಬೇಕು. ಗೆದ್ದ ಮೇಲೆ ರಾಜ್ಯವನ್ನು ಅಣ್ಣನಿಗೇ ಬಿಡಹೊರಟರೆ ಅದೇ ಶಿವ ಸಿಟ್ಟಾಗಬೇಕು. ಒಬ್ಬನೇ ಸಾಕ್ಷಿಯನ್ನು ಎರಡೆರಡು ಸಲ ಕಟಕಟೆಗೆ ಹತ್ತಿಸುವ ವಕೀಲನ ಕೇಸು ಗಟ್ಟಿಯಿರುವುದಿಲ್ಲ.

ಬಿಲ್ಹಣ ದೊಡ್ಡ ಕವಿಯೆಂದು ಒಪ್ಪಬೇಕೆನಿಸುವುದು ಕೊನೆಯ ಸರ್ಗದಲ್ಲಿ. ತನ್ನೂರು ಖೋನಮುಖ, ಅಲ್ಲಿನ ಕೇಸರಿ, ದ್ರಾಕ್ಷಿ, ತಾನು ಅಲೆದ ಮಥುರೆ, ಕಾಶಿ, ಸೋಮನಾಥ ಎಲ್ಲ ಅಲ್ಲಿ ಬರುತ್ತವೆ. ಯಾರ ಪರವಾಗಿಯೂ ವಾದಿಸುವ ಕೆಲಸ ಅವನಿಗೆ ಅಲ್ಲಿಲ್ಲ.