ಸ್ಥಾವರಕ್ಕೆ ಯಾವ ಇಂಗ್ಲಿಷ್ ಪದ?

ವಚನಗಳನ್ನು ಇಂಗ್ಲಿಷಿಗೆ ತರುವವರು 'ಸ್ಥಾವರ' ಎಂಬಲ್ಲಿ ತಡವರಿಸುವುದು ಸಹಜ. ಸ್ಟ್ಯಾಟಿಕ್, ಸ್ಟೇಷನರಿ, ಇಮ್ಮೂವಬಲ್, ಸ್ಟ್ಯಾಂಡಿಂಗ್ ಇವು ನಿಘಂಟಿನಲ್ಲಿ ನೆರೆಹೊರೆಯವಾದರೂ ಒಂದೇ ಅಲ್ಲ. ಸ್ಟ್ಯಾಟಿಕ್ ಎಂಬುದರಲ್ಲಿ ಮಾರ್ಪಡದ ಜಡತೆಯಿದೆ. ಸ್ಟೇಷನರಿ ಎಂದರೆ ಸದ್ಯಕ್ಕೆ ನಿಂತಿರುವುದು. ನಿಂತ ಬಂಡಿ ಮತ್ತೆ ಹೊರಡಬಹುದು. ಇದನ್ನು ಕಾಗದ-ಲೇಖನಿಗಳ ಸ್ಟೇಷನರಿಯೊಡನೆ ಬೆರೆಸಿದ ಪ್ರಬಂಧಗಳನ್ನೂ ನಾವು ತಿದ್ದಿದ್ದುಂಟು. ಇಮ್ಮೂವಬಲ್ ನ್ಯಾಯಾಲಯದ ಮಾತು. ಉಳ್ಳವರ ದೇಗುಲವನ್ನು ಕುರಿತ ಬಸವಣ್ಣನವರ ವಚನದಲ್ಲಿ ಆಸ್ತಿಯ ಆ ಅರ್ಥ ಅಪ್ರಸ್ತುತವೇನಲ್ಲ. ಆದರೆ ಅಲುಗದೆಂಬ ಭರವಸೆ ವಚನದ ಆಶಯಕ್ಕೇ ವಿರುದ್ಧ.

ಎ.ಕೆ. ರಾಮಾನುಜನ್ ತಮ್ಮ 'ಸ್ಪೀಕಿಂಗ್ ಆಫ್ ಶಿವ' (1973) ಕೃತಿಯಲ್ಲಿ ಸ್ಟ್ಯಾಂಡಿಂಗ್ ಎಂಬುದನ್ನು ಆರಿಸಿಕೊಂಡರು. ಸ್ಥಾವರಕ್ಕೂ ಇಂಗ್ಲಿಷಿನ ಸ್ಟ್ಯಾಂಡ್, ಎಸ್ಟೇಟ್‌ಗಳಿಗೂ ಧಾತು ಒಂದೇ ಎಂಬುದನ್ನು ಪ್ರಸ್ತಾವನೆಯಲ್ಲಿ ಅವರೇ ತೋರಿಸಿದ್ದಾರೆ. ನಮಗೆ ಮುಖ್ಯವೆನಿಸುವುದು ಬೇರೆ: ನಿಂತದ್ದು ಬೀಳಬಲ್ಲುದೆಂಬ ಧ್ವನಿ ಈ ನಾಲ್ಕರಲ್ಲಿ ಆ ಪದಕ್ಕೆ ಮಾತ್ರ ಉಂಟು.

ಜಂಗಮಕ್ಕೆ ಅವರು ಬಳಸಿದ ಮೂವಿಂಗ್ ವಿಷಯದಲ್ಲಿ ನಮಗೆ ಅಷ್ಟು ಸಮಾಧಾನವಿಲ್ಲ. ಮೊಬೈಲ್ ಎಂಬುದಕ್ಕಿಂತ ಅದು ಮೇಲು, ನಿಜ. ಮೊಬೈಲ್ ಚಲಿಸಬಲ್ಲದು, ಮೂವಿಂಗ್ ಚಲಿಸುತ್ತಲೇ ಇರುವುದು. ಆದರೆ ಗುರು-ಲಿಂಗ-ಜಂಗಮ ಎನ್ನುವಾಗ ಜಂಗಮನು ಊರೂರು ಅಲೆಯುವ, ಮನೆಬಾಗಿಲಿಗೆ ಬರುವ, ದಾಸೋಹ ಸ್ವೀಕರಿಸುವ ವ್ಯಕ್ತಿ. ಪ್ರಸ್ತಾವನೆಯಲ್ಲಿ ಆ ವ್ಯಕ್ತಿಯಿದ್ದಾನೆ, ಅನುವಾದಿತ ಸಾಲಿನಲ್ಲಿಲ್ಲ. ಆ ಸಾಲನ್ನಷ್ಟೇ ಉದ್ಧರಿಸಿ ಬರೆಯುವ ಹೊರನಾಡಿನ ಸಂಶೋಧಕರಿಗೆ ಜಂಗಮವು ಬರಿಯ ಚಲನತತ್ತ್ವವಾಗಿಬಿಡುತ್ತದೆ. ಇಂಥಲ್ಲಿ 'ಜಂಗಮ' ಎಂಬ ಪದವನ್ನೇ ಇಂಗ್ಲಿಷಿನಲ್ಲಿ ಉಳಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.