ಕಂಡುದನ್ನೆಲ್ಲ ಹೇಳಬಹುದೇ? – ಡ್ರೋನ್ ನಿಯಮಾವಳಿಯ ಒಂದು ನೈತಿಕ ವಿಮರ್ಶೆ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ ಮತ್ತು ಸಾಕಾರಮಂತ್ರಭೇದ. ತಪ್ಪು ಉಪದೇಶ ಮತ್ತು ಸುಳ್ಳು ಬರಹ ಸತ್ಯಕ್ಕೆ ವಿರುದ್ಧವೆಂಬುದು ಯಾರಿಗೂ ತಿಳಿಯುವ ಮಾತು. ರಹೋಭ್ಯಾಖ್ಯಾನದ ವಿಷಯ ಹಾಗಲ್ಲ. ಏಕಾಂತದಲ್ಲಿ ನಡೆದುದನ್ನು ಬಯಲಿಗೆಳೆಯುವುದೇ ಅದು. ಸಾಕಾರಮಂತ್ರಭೇದವೆಂದರೆ ಮುಖಭಾವ, ಅಂಗಚೇಷ್ಟೆಗಳಿಂದ ಇತರರ ಅಂತರಂಗವನ್ನು ಊಹಿಸಿ ಹೊರಗೆಡಹುವುದು. ಈ ಎರಡರಲ್ಲಿಯೂ ಹೇಳಿದ ಮಾತು ನಿಜವೇ ಆಗಿರಬಹುದು. ಆದರೂ ಹೇಳಿದವನ ಸತ್ಯವ್ರತಕ್ಕೆ ಕಳಂಕ ತಟ್ಟುತ್ತದೆ. ಕಂಡುದೆಲ್ಲವೂ ಹೇಳತಕ್ಕುದಲ್ಲ ಎಂಬ ಈ ವಿವೇಕವನ್ನು ಮುಂದಿಟ್ಟುಕೊಂಡು ನಮ್ಮ ಕಾಲದ ಒಂದು ಶಾಸನವನ್ನು ಓದಬೇಕಾಗಿದೆ.

ಕೇಂದ್ರ ಸರಕಾರವು 2021ರ ಆಗಸ್ಟ್ 25ರಂದು ಡ್ರೋನ್ ನಿಯಮಾವಳಿಯನ್ನು ಪ್ರಕಟಿಸಿತು. ಯಂತ್ರದ ಮಟ್ಟಿಗೆ ಅದು ಸ್ಪಷ್ಟವಾದ ಬರಹ. ಡ್ರೋನ್‌ಗಳನ್ನು ತೂಕದ ಪ್ರಕಾರ ಐದು ವರ್ಗಗಳಾಗಿ ವಿಂಗಡಿಸಿ, ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಭಾಗಿಸಿತು. ಹಸಿರು ವಲಯದಲ್ಲಿ 400 ಅಡಿಗಳವರೆಗೆ ಹಾರಿಸಲು ಪೂರ್ವಾನುಮತಿ ಬೇಡವೆಂದಿತು. 250 ಗ್ರಾಂ ತೂಕದೊಳಗಿನ ಯಂತ್ರ ನಡೆಸುವವನಿಗೆ ಪೈಲಟ್ ಪರವಾನಿಗೆಯ ಅಗತ್ಯವಿಲ್ಲವೆಂದಿತು. ಆದರೆ ಆ ಯಂತ್ರಕ್ಕೆ ಜೋಡಿಸಿದ ಕಣ್ಣಿನ ಬಗೆಗೆ ಅದು ಮೌನವಾಗಿದೆ. ಅದೇ ವರ್ಷದ ಮಾರ್ಚ್‌ನಲ್ಲಿ ಬಂದಿದ್ದ ಹಿಂದಿನ ನಿಯಮಗಳಲ್ಲಿ, ಚಿತ್ರ ತೆಗೆಯುವಾಗ ವ್ಯಕ್ತಿಯ ಹಾಗೂ ಆತನ ಆಸ್ತಿಯ ಖಾಸಗಿತನವನ್ನು ಕಾಪಾಡಬೇಕೆಂಬ ಮಾತು ಇತ್ತು. ಐದೇ ತಿಂಗಳಲ್ಲಿ ಅದು ಕಣ್ಮರೆಯಾಯಿತು. 2022 ಮತ್ತು 2023ರ ತಿದ್ದುಪಡಿಗಳು ಪೈಲಟ್ ಪ್ರಮಾಣಪತ್ರದ ವ್ಯವಸ್ಥೆಯನ್ನು ಸರಳಗೊಳಿಸಿದುವೇ ಹೊರತು ಬಿಟ್ಟುಹೋದ ಮಾತನ್ನು ಮರಳಿ ಸೇರಿಸಲಿಲ್ಲ. ವ್ಯಾಪಾರಕ್ಕೆ ಅನುಕೂಲವಾಗಲೆಂದು ನಿಯಮ ಹಗುರಾಗಬಹುದು. ಮನೆಯ ಮರ್ಯಾದೆ ಹಗುರಾಗಬೇಕಾಗಿರಲಿಲ್ಲ.

ಈ ಲೋಪದ ಭಾರ ಎಲ್ಲೆಡೆ ಒಂದೇ ಬಗೆಯದಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಬಯಲುಸೀಮೆಯಂತೆ ಗೋಡೆಗೆ ಗೋಡೆ ತಾಗಿದ ಊರುಗಳಿಲ್ಲ. ಒಂದೊಂದು ಮನೆಯೂ ತನ್ನ ಅಡಿಕೆ ತೋಟದ ನಡುವೆ, ಗುಡ್ಡದ ಬುಡದಲ್ಲಿ ಬೇರೆಯಾಗಿ ನಿಂತಿದೆ. ಇಲ್ಲಿನ ಏಕಾಂತವನ್ನು ಕಾಯುವುದು ಎತ್ತರದ ಆವರಣಗೋಡೆಯಲ್ಲ, ತೋಟದ ದೂರ. ಅಡಿಕೆ ಒಣಗಿಸುವ ಅಂಗಳ, ಬಾವಿಕಟ್ಟೆ, ಮನೆಯಿಂದ ತುಸು ಬೇರೆಯಾಗಿರುವ ಬಚ್ಚಲುಕೊಟ್ಟಿಗೆ, ಹಳೆಯ ಬೀಡು–ಗುತ್ತುಗಳ ಆಕಾಶಕ್ಕೆ ತೆರೆದ ನಡು ಅಂಗಳ – ಇವೆಲ್ಲ ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲವೆಂಬ ನಂಬಿಕೆಯಿಂದಲೇ ಹಾಗೆ ರಚಿತವಾದವು. ಮೇಲಿನಿಂದ ನೋಡುವವನಿಗೆ ಈ ದೂರ ದೂರವೇ ಅಲ್ಲ. ದಿಗ್ವ್ರತದ ಅತಿಚಾರಗಳನ್ನು ಎಣಿಸುವಾಗ ಆಚಾರ್ಯರು ಊರ್ಧ್ವದಿಕ್ಕಿನ ಎಲ್ಲೆ ಮೀರುವುದನ್ನೇ ಮೊದಲು ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಅಂದು ಅದು ಪರ್ವತ ಏರುವವನಿಗೆ ಹೇಳಿದ ಮಾತು. ಆದರೆ ಮೇಲಕ್ಕೂ ಒಂದು ಎಲ್ಲೆ ಇದೆಯೆಂಬ ತತ್ತ್ವ ಇಂದಿಗೂ ಸಲ್ಲುತ್ತದೆ.

ಯಂತ್ರದಿಂದ ಉಪಕಾರವಿಲ್ಲವೆಂದು ವಾದಿಸುವುದು ಅಸಾಧು. ಅಡಿಕೆ ಮರಕ್ಕೆ ಔಷಧಿ ಸಿಂಪಡಿಸಲು ಜೀವದ ಹಂಗು ತೊರೆದು ಮರವೇರುವವನಿಗೆ ಡ್ರೋನ್ ಬದಲಿಯಾದರೆ ಅದು ದಯೆಯ ಕೆಲಸವೇ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಕಾಡಾನೆಯಿಂದ ಇಬ್ಬರು ಪ್ರಾಣ ಕಳೆದುಕೊಂಡರು. ಅಂತಹ ಆನೆಯ ಜಾಡನ್ನು ಮೇಲಿನಿಂದ ಹುಡುಕುವುದು ಮನುಷ್ಯನಿಗೂ ಪ್ರಾಣಿಗೂ ಕ್ಷೇಮ. 2013ರಲ್ಲಿ ಮೂಡಬಿದಿರೆಯ ಸಿದ್ಧಾಂತ ಮಂದಿರದಿಂದ ಅಮೂಲ್ಯ ಜಿನಬಿಂಬಗಳು ಕಳವಾದುದನ್ನು ಕಂಡ ಸಮಾಜವು ಕಾವಲೇ ಬೇಡವೆನ್ನಲಾರದು. ಆದರೆ ಆನೆಯನ್ನೋ ಕಳ್ಳನನ್ನೋ ಹುಡುಕುವ ನೋಟಕ್ಕೆ ಒಂದು ಉದ್ದೇಶವೂ ಒಂದು ಕೊನೆಯೂ ಇದೆ. ಎಲ್ಲರನ್ನೂ, ಎಲ್ಲ ಕಾಲದಲ್ಲಿಯೂ, ಮುಂದೆಂದಾದರೂ ಬೇಕಾದೀತೆಂದು ನೋಡಿಡುವ ಕಣ್ಣಿಗೆ ಇವೆರಡೂ ಇಲ್ಲ. ಪ್ರಯೋಜನವಿಲ್ಲದೆ ಪರರಿಗೆ ಬಾಧೆಯಾಗುವ ಕಾರ್ಯವನ್ನು ನಮ್ಮ ಶ್ರಾವಕಾಚಾರವು ಅನರ್ಥದಂಡವೆಂದು ಕರೆದಿದೆ.

ಪ್ರಭುತ್ವದ ಕಣ್ಣಿನ ಪ್ರಶ್ನೆ ಇನ್ನೂ ಗಹನವಾದುದು. 2022ರ ಜುಲೈಯಲ್ಲಿ ಬೆಳ್ಳಾರೆ ಪರಿಸರದ ಇಬ್ಬರು ತರುಣರು, ಬೇರೆ ಬೇರೆ ಸಮುದಾಯದವರು, ಕೆಲವೇ ದಿನಗಳ ಅಂತರದಲ್ಲಿ ಹತರಾದರು. ಈ ಸೀಮೆ ನಿಷೇಧಾಜ್ಞೆಯ ದಿನಗಳನ್ನು ಕಂಡಿತು. 2025ರ ಮೇ ತಿಂಗಳಲ್ಲಿ ಜಿಲ್ಲೆಯಲ್ಲಿ ಮತ್ತೆ ಕೊಲೆಗಳಾದವು. ಆ ಬಳಿಕ ಜೂನ್‌ನಲ್ಲಿ ಪೊಲೀಸರು ಸಂಘಟನೆಗಳ ಕಾರ್ಯಕರ್ತರ ಮನೆಗಳಿಗೆ ರಾತ್ರಿ ಹೋಗಿ, ಸ್ಥಳದ ಗುರುತು ಸಹಿತ ಭಾವಚಿತ್ರ ತೆಗೆಯುತ್ತಿದ್ದಾರೆಂಬ ಆಕ್ಷೇಪ ಎದ್ದು, ಕಡಬದಲ್ಲಿ ಪ್ರತಿಭಟನೆ ನಡೆಯಿತು. ರಕ್ತಪಾತವನ್ನು ತಡೆಯುವುದು ಪ್ರಭುತ್ವದ ಧರ್ಮ. ಅಹಿಂಸೆಯನ್ನು ನಂಬಿದವರು ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಧರ್ಮಕ್ಕೂ ಕ್ರಮವುಂಟು. 1962ರಲ್ಲಿಯೇ ಖರಕ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪೊಲೀಸರ ರಾತ್ರಿಭೇಟಿ ಸಂವಿಧಾನವಿರುದ್ಧವೆಂದು ತೀರ್ಪಿತ್ತಿತು. ಆದರೆ ಮನೆಯ ಮೇಲೆ ಗುಟ್ಟಾಗಿ ಕಣ್ಣಿಡುವುದನ್ನು ಆಗ ತಪ್ಪೆನ್ನಲಿಲ್ಲ. ಖಾಸಗಿತನವು ಮೂಲಭೂತ ಹಕ್ಕಲ್ಲವೆಂಬ ಆ ತೀರ್ಪಿನ ಅಭಿಪ್ರಾಯವನ್ನು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಖಾಸಗಿತನಕ್ಕೆ ಪ್ರಭುತ್ವ ಕೈಯಿಕ್ಕಬೇಕಾದರೆ ಶಾಸನದ ಆಧಾರ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣ ಇರಬೇಕು ಎಂಬುದು ಆ ತೀರ್ಪಿನ ಸಾರ.

ಈ ಒರೆಗಲ್ಲಿಗೆ ಡ್ರೋನ್ ನಿಯಮಾವಳಿಯನ್ನು ಉಜ್ಜಿದರೆ ಅದರ ಕೊರತೆ ಕಾಣುತ್ತದೆ. ಎಷ್ಟು ಎತ್ತರ ಹಾರಬಹುದೆಂದು ಅದು ಹೇಳುತ್ತದೆ. ಯಾರನ್ನು, ಏತಕ್ಕೆ, ಎಷ್ಟು ಹೊತ್ತು ನೋಡಬಹುದೆಂದು ಹೇಳುವುದಿಲ್ಲ. ರಾತ್ರಿ ಬಾಗಿಲು ತಟ್ಟುವ ಪೊಲೀಸನನ್ನು ಮನೆಯವರು ಹೆಸರು ಕೇಳಬಹುದು, ಮರುದಿನ ದೂರು ಕೊಡಬಹುದು. ಬಾಗಿಲು ತಟ್ಟದೆ ಅಂಗಳ ನೋಡಿ ಹೋಗುವ ಯಂತ್ರವನ್ನು ಪ್ರಶ್ನಿಸುವುದು ಯಾರು? 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕೊರತೆಯನ್ನು ತುಂಬೀತೆಂದರೆ, ಅದು ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಸರಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡಲು ಅವಕಾಶವಿರಿಸಿದೆ. ಸ್ವಂತ ಬಳಕೆಗಾಗಿ ವ್ಯಕ್ತಿಯೊಬ್ಬ ಇರಿಸಿಕೊಂಡ ಮಾಹಿತಿಯನ್ನೂ ತನ್ನ ವ್ಯಾಪ್ತಿಯ ಹೊರಗಿರಿಸಿದೆ. ಹೀಗೆ ಬಲಿಷ್ಠನಾದ ಪ್ರಭುವಿಗೂ ಕುತೂಹಲಿಯಾದ ನೆರೆಯವನಿಗೂ ದಾರಿ ತೆರೆದಂತಾಗಿದೆ.

ಸಂಗ್ರಹಿಸಿದ ಚಿತ್ರದ ಗತಿಯೇನೆಂಬುದು ಮತ್ತೊಂದು ಪ್ರಶ್ನೆ. ನ್ಯಾಸಾಪಹಾರವೆಂದರೆ ಒತ್ತೆಯಿಟ್ಟ ವಸ್ತುವನ್ನು, ಇಟ್ಟವನು ಲೆಕ್ಕ ಮರೆತಾಗ ಉಳಿಸಿಕೊಳ್ಳುವುದು. ಒಬ್ಬರ ಬದುಕಿನ ಚಿತ್ರವು ಮತ್ತೊಬ್ಬರ ಕೈಯಲ್ಲಿ ಇರುವಷ್ಟು ಕಾಲ ಅದೂ ನ್ಯಾಸವೇ ಸರಿ. ಒಂದು ಕಾರ್ಯಕ್ಕಾಗಿ ತೆಗೆದುದನ್ನು ಇನ್ನೊಂದಕ್ಕೆ ಬಳಸುವುದು, ಮುಗಿದ ಮೇಲೂ ಅಳಿಸದೆ ಇಟ್ಟುಕೊಳ್ಳುವುದು ಈ ಅತಿಚಾರದ ಹೊಸ ರೂಪಗಳು.

ಸರಕಾರವನ್ನು ಟೀಕಿಸುವ ಬಾಯಿ ಮೊದಲು ಸ್ವಂತ ಪ್ರಾಕಾರದೊಳಗೆ ನೋಡಬೇಕು. ಪಂಚಕಲ್ಯಾಣ, ರಥೋತ್ಸವ, ಮಸ್ತಕಾಭಿಷೇಕಗಳ ಚಿತ್ರೀಕರಣಕ್ಕೆ ಡ್ರೋನ್ ತರಿಸುವುದು ಈಗ ರೂಢಿಯಾಗಿದೆ. ಅದು ಜಿನಬಿಂಬವನ್ನಷ್ಟೇ ಅಲ್ಲ, ಸ್ನಾನ ಮುಗಿಸಿ ಬರುವ ಸ್ತ್ರೀಯರನ್ನೂ ಪಕ್ಕದ ಮನೆಯ ಅಂಗಳವನ್ನೂ ತ್ಯಾಗಿಗಳ ವಸತಿಯನ್ನೂ ನೋಡುತ್ತದೆ. ಬಸದಿಯ ಆಡಳಿತ ಮಂಡಳಿಗಳು ಕೆಲವು ಕಟ್ಟುಪಾಡುಗಳನ್ನು ತಾವೇ ಮಾಡಿಕೊಳ್ಳಬಹುದು: ಹಾರಿಸುವ ಹೊತ್ತನ್ನು ನೆರೆಹೊರೆಯವರಿಗೆ ಮೊದಲೇ ತಿಳಿಸುವುದು, ಕ್ಷೇತ್ರದ ಎಲ್ಲೆ ದಾಟದಿರುವುದು, ಮುನಿಗಳ ಆಹಾರ, ಸಾಮಾಯಿಕಗಳ ಸಮಯದಲ್ಲಿ ಯಂತ್ರವನ್ನು ಇಳಿಸಿಡುವುದು, ಕಾವಲಿನ ಕ್ಯಾಮರಾವನ್ನು ಭಂಡಾರ ಮತ್ತು ದ್ವಾರಕ್ಕೆ ಮಿತಿಗೊಳಿಸುವುದು, ಚಿತ್ರಗಳಿಗೆ ಒಬ್ಬ ಹೊಣೆಗಾರನನ್ನೂ ಅಳಿಸುವ ದಿನವನ್ನೂ ಗೊತ್ತುಪಡಿಸುವುದು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಪರರ ದೋಷವನ್ನು ಮುಚ್ಚುವ ಆ ಗುಣವನ್ನು ಅಪರಾಧಕ್ಕೆ ಆಶ್ರಯವೆಂದು ತಿಳಿಯಬಾರದು. ದೋಷವನ್ನು ಬೀದಿಗೆ ತಾರದೆಯೂ ದೋಷಿಯನ್ನು ತಿದ್ದಬಹುದೆಂಬ ವಿಶ್ವಾಸವದು. ಎಲ್ಲರ ದೋಷವನ್ನೂ ದಾಖಲಿಸಲು ಹೊರಟ ಕಾಲದಲ್ಲಿ ಈ ವಿಶ್ವಾಸ ದುರ್ಬಲವಾಗುತ್ತಿದೆ. ನಿಯಮಾವಳಿಯಲ್ಲಿ ಕೈಬಿಟ್ಟ ಆ ಒಂದು ಮಾತನ್ನು ಮರಳಿ ಸೇರಿಸಬೇಕೆಂದು ಸರಕಾರವನ್ನು ಕೇಳುವುದು ಪ್ರಜೆಯ ಹಕ್ಕು. ಸರಕಾರ ಸೇರಿಸುವ ಮೊದಲೇ ಅದರಂತೆ ನಡೆಯುವುದು ಶ್ರಾವಕನ ಕರ್ತವ್ಯ.